ಮೀಸೆಯ ಬಲತುದಿ

ಕಚ್. ಸ್ವಲ್ಪ ಬಿಟ್ಟು ಮತ್ತೆ, ಕಚ್. ನಡುರಾತ್ರಿ ಬಚ್ಚಲುಮನೆಯಿಂದ ಕತ್ತರಿಯ ಸದ್ದು.

ಎದ್ದು ಹೋಗಿ ಬಾಗಿಲು ತಳ್ಳಿದೆ. ಕನ್ನಡಿಯ ಮುಂದೆ ನನ್ನ ಗಂಡ ತುರ್ಗಾಯ್. ಅವನ ಮೀಸೆಯ ಎಡತುದಿ ಇರಲಿಲ್ಲ.

ಗಲ್ಲದವರೆಗೆ ಇಳಿಬಿದ್ದ ಆ ಮೀಸೆ ನಮ್ಮ ಕೈಸೇರಿ ಪಟ್ಟಣದಲ್ಲಿ ರಾಷ್ಟ್ರವಾದಿ ಪಾರ್ಟಿಯ ಗುರುತು. ಅಪ್ಪನಿಗೂ ಅಂಥದ್ದೇ. ತುರ್ಗಾಯ್ ಹೆಣ್ಣು ಕೇಳಲು ಬಂದ ದಿನ, ಇಬ್ಬರೂ ಪಾರ್ಟಿಯವರ ರೀತಿಯಲ್ಲಿ ತಲೆಗೆ ತಲೆ ತಾಗಿಸಿಕೊಂಡ ಮೇಲೆಯೇ ಅಪ್ಪ ನನಗೆ ಒಪ್ಪಿಗೆಯ ಕಾಫಿ ತರಲು ಹೇಳಿದ್ದು.

"ಯಾರಿಗೋಸ್ಕರ ಇಷ್ಟು ಚೆಂದ ಆಗ್ತಿದ್ದೀಯ?" ನಗುತ್ತ ಕೇಳಬೇಕೆಂದಿದ್ದೆ, ಆಗಲಿಲ್ಲ.

"ಹೋಗಿ ಮಲಕ್ಕೋ, ಚಿನ್ನ."

"ಸೆವಿಲಾಯ್‌ಗೆ ಉದ್ದ ಮೀಸೆ ಹಿಡಿಸಲ್ವಂತಾ?"

ಪಾರ್ಟಿ ಒಡೆದು ಹುಟ್ಟಿದ ಹೊಸ ಪಾರ್ಟಿಗೆ ಸೆವಿಲಾಯ್ ತಾಲ್ಲೂಕು ಅಧ್ಯಕ್ಷೆ. ಸಂತೆಯಲ್ಲಿ ಅವಳು ಕರಪತ್ರ ಕೊಟ್ಟಾಗ ಇವನ ಕಣ್ಣು ಕಾಗದದ ಮೇಲಿರಲಿಲ್ಲ, ಅವಳ ಮುಖದ ಮೇಲಿತ್ತು. ಅಂದಿನಿಂದ ಇವನ ಅಂಗಿಗಳನ್ನು ಮೂಸಿ ನೋಡಿಯೇ ಒಗೆಯುತ್ತಿದ್ದೆ.

"ಹೌದು, ಅವಳ ಪಾರ್ಟಿಗೆ ಸೇರ್ತಿದ್ದೀನಿ. ನಾಳೆ."

"ಪಾರ್ಟಿಗೋ, ಅವಳ ಪಕ್ಕಕ್ಕೋ?"

"ಹುಚ್ಚಿ! ನಿಮ್ಮಪ್ಪನ ಕಾಲದಲ್ಲಿ ನಮ್ಮ ಪಾರ್ಟಿದು ಬೀದಿ ಬಡಿದಾಟ. ಆಮೇಲೆ ಸೂಟು, ಟೈ. ಈಗ ನಿನ್ನೆವರೆಗೂ ಬೈದವರ ಜೊತೆಗೇ ವೇದಿಕೆ ಮೇಲೆ ಕೂತು ಚಪ್ಪಾಳೆ. ಆದ್ರೂ ಪ್ರತಿ ಸಲ 'ನಾವು ಬದಲಾಗಿಲ್ಲ' ಅಂತಾರೆ. ನಾನು ಬದಲಾದೆ ಅಂತ ಒಪ್ಕೊಂಡೇ ಹೋಗ್ತೀನಿ."

"ಮತ್ತೆ ಸಂತೇಲಿ ಅವಳನ್ನ ಹಾಗ್ಯಾಕೆ ನೋಡ್ತಿದ್ದೆ?"

ಅವನು ತಲೆ ತಗ್ಗಿಸಿದ. "ಹೋದ ಚುನಾವಣೇಲಿ ಅವಳ ಪೋಸ್ಟರ್ ಹರಿದವನು ನಾನೇ. ಗುರುತು ಹಿಡಿತಾಳೇನೋ ಅಂತ."

ನಗು ಬಂತು. ಹೊಟ್ಟೆಯ ಉರಿ ಮಾತ್ರ ಪೂರ್ತಿ ಆರಲಿಲ್ಲ.

"ಹಾಗಿದ್ರೆ ಕದ್ದು ಯಾಕೆ ಕತ್ತರಿಸ್ತೀಯ?"

"ಈ ಮೀಸೆ ನೋಡಿ ತಾನೇ ನಿಮ್ಮಪ್ಪ ನಿನ್ನ ಕೊಟ್ಟಿದ್ದು? ಇದು ಹೋದ್ರೆ ವಾಪಸ್ ಕರ್ಕೊಂಡು ಹೋಗ್ತಾರೆ. ನೀನೂ ಹೊರಟುಬಿಟ್ರೆ..." ಅವನು ಮತ್ತೆ ಕತ್ತರಿ ಎತ್ತಿದ. ಬಲತುದಿ ಇನ್ನೂ ತೂಗುತ್ತಿತ್ತು.

"ಕೊಡಿಲ್ಲಿ." ಕತ್ತರಿ ಕಸಿದುಕೊಂಡೆ. "ಅಲ್ಲಾಡಬೇಡ. ಮೂಗು ಹೋದ್ರೆ ಯಾವ ಪಾರ್ಟೀಲೂ ಸೇರಿಸ್ಕೊಳಲ್ಲ."

ಅವನು ಉಸಿರು ಬಿಗಿಹಿಡಿದ. ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಕೂದಲು ಉದುರಿದಾಗ ತುಟಿಯಂಚಿನ ಕೆಳಗೆ ಒಂದು ಪುಟ್ಟ ಮಚ್ಚೆ ಕಂಡಿತು. ನಾಳೆ ಸೆವಿಲಾಯ್ ಅದನ್ನು ನೋಡುತ್ತಾಳೆ. ಅದಕ್ಕೆ ಮೊದಲೇ ನಾನು ಅದರ ಮೇಲೆ ತುಟಿಯೊತ್ತಿದೆ.

"ಹೋಗಲ್ವಾ?" ಅಂದ.

"ಎಲ್ಲಿಗೆ? ನಿನ್ನ ಅವಳಿಗೆ ಬಿಟ್ಟಾ?"

ಉದುರಿದ ಕೂದಲನ್ನು ಬಳಿದು ಒಲೆಗೆ ಹಾಕಿದೆ. ನಾನೂ ಕತ್ತರಿಸಿದೆನೆಂದು ಅಪ್ಪನಿಗೆ ತಿಳಿದರೆ ತವರಿನ ಬಾಗಿಲು ಮುಚ್ಚಿತು. ಅಳಿಯನ ಮೀಸೆ ಕತ್ತರಿಸಿದ್ದು ಸೆವಿಲಾಯ್ ಎಂದೇ ಊರೆಲ್ಲ ಆಡಿಕೊಳ್ಳುತ್ತದೆ. ಆ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ, ಗೊತ್ತು. ಉರಿಯಲಿ. ಕತ್ತರಿ ನನ್ನ ಕೈಯಲ್ಲಿತ್ತೆಂದು ಯಾರಿಗೂ ಹೇಳುವುದಿಲ್ಲ.