ಅಳಲುಪಟ್ಟಿ ಹೇಳಿದ ಹನ್ನೆರಡು ಅಂಕಿ

ಅಳಲುಪಟ್ಟಿ ಶ್ರೀಶೈಲನ ಹಣೆಯ ಮೇಲೆ ಕೂತು ಏಳು ನಿಮಿಷವಾಗಿತ್ತು. ಎರಡು ಬೆರಳಗಲದ, ಮೆತ್ತನೆಯ, ಬೂದು ಬಣ್ಣದ ಪಟ್ಟಿ. ಅದರ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಸಂವೇದಕಗಳು ಸಾಲಾಗಿದ್ದವು. ಮಿದುಳಿನಲ್ಲಿ ಸದಾ ಹರಿದಾಡುವ ನವಿರಾದ ವಿದ್ಯುತ್ತನ್ನು ಅವು ಚರ್ಮದ ಮೇಲಿಂದಲೇ ಆಲಿಸುತ್ತವೆ. ಹೊಳೆಯ ಮೇಲಿನ ಸುಳಿ ನೋಡಿ ತಳದ ಬಂಡೆ ಎಲ್ಲಿದೆಯೆಂದು ಅಂಬಿಗ ಹೇಳುವ ಹಾಗೆ, ಮನಸ್ಸಿನೊಳಗಿನ ಸಂಕಟ ಎಷ್ಟು ಆಳದ್ದೆಂದು ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಹೇಳುತ್ತವೆ. ಹಿಂದಿನ ಅಂಕಿಗಳ ಜೊತೆ ಕೂಡಿಸಿ ನೋಡಿ, ಆ ಸಂಕಟ ಮುಂದೆ ಇಳಿದೀತೋ ಇಲ್ಲವೋ ಎಂಬುದನ್ನೂ ಹೇಳುತ್ತವೆ.

ತಿಂಗಳಿಗೊಮ್ಮೆ ಊರಿಗೆ ಬರುವ ಸರಕಾರಿ ವ್ಯಾನಿನ ಪರದೆಯ ಮೇಲೆ ಎಂಬತ್ತೇಳು ಎಂದು ಮೂಡಿತು. ಅದರ ಕೆಳಗೆ ಕೆಂಪಕ್ಷರದಲ್ಲಿ: ತೀರದು.

"ಮುಗೀತ್ರಿ ಅಕ್ಕಾರ," ಎಂದ ತಂತ್ರಜ್ಞ ಮಹಬೂಬ, ಪಟ್ಟಿಯನ್ನು ಬಿಚ್ಚುತ್ತ. "ಇದು ಹನ್ನೆರಡನೇದು. ಇನ್ನ ನೀವು ಬರೂದು ಬ್ಯಾಡ. ಇಪ್ಪತ್ತೊಂದು ದಿನದೊಳಗ ಆದೇಶ ಮನೀಗೇ ಬರ್ತೈತಿ."

"ಪಾರ್ಸಲ್ ಬರ್ತೈತಿ ಅನ್ನಂಗ ಹೇಳ್ತೀಯಲ್ಲೋ ತಮ್ಮಾ," ಎಂದಳು ಶ್ರೀಶೈಲನ ಅಕ್ಕ ದಾನಮ್ಮ.

"ನಾ ಏನ್ ಮಾಡ್ಲಿ ಯಕ್ಕಾ. ಅಲ್ಲಿ ಬಂದದ್ದು ಓದಿ ಹೇಳೂದು ನನ್ನ ಕೆಲಸ."

ಶ್ರೀಶೈಲ ವ್ಯಾನಿನಿಂದ ಇಳಿದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಅಕ್ಕನಿಗಾಗಿ ಕಾಯುತ್ತ ನಿಂತ.

ಇದು ಇನ್ನು ಮೂವತ್ತೈದು ವರ್ಷ ಕಳೆದ ಮೇಲಿನ ಮಾತು. ಮಲಪ್ರಭೆಯ ದಂಡೆಯಲ್ಲಿ ಮಗ್ಗದಹಾಳವೆಂಬ ನೇಕಾರರ ಊರು. ಯಂತ್ರಗಳು ಏನೇನೋ ನೇಯುವ ಆ ಕಾಲದಲ್ಲೂ ಕೈಮಗ್ಗದ ಸೀರೆಗೆ ಬೇಡಿಕೆ ಸತ್ತಿರಲಿಲ್ಲವಾಗಿ ದಾನಮ್ಮನ ಓಣಿಯೊಂದರಲ್ಲೇ ನೂರಾ ಅರವತ್ತು ಮಗ್ಗಗಳಿದ್ದವು. ಅವಳ ತಮ್ಮ ಶ್ರೀಶೈಲ ನಲವತ್ತೆರಡರ ಮನುಷ್ಯ. ಇಪ್ಪತ್ತೆರಡರಲ್ಲಿ ಹಿಡಿದ ಖಿನ್ನತೆ ಅವನನ್ನು ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಕಳೆದ ಮೂರು ವರ್ಷದಿಂದ ಬಿಟ್ಟೇ ಇರಲಿಲ್ಲ.

ಸರಕಾರ ಆಗ 'ಗೌರವದ ನಿರ್ಗಮನ' ಎಂಬ ಕಾಯ್ದೆ ತಂದಿತ್ತು. ಮನೋರೋಗದ ಸಂಕಟ ತಾಳಲಾಗದವರು ತಾವೇ ಅರ್ಜಿ ಹಾಕಿದರೆ, ತಿಂಗಳಿಗೊಂದರಂತೆ ಹನ್ನೆರಡು ಸಲವೂ ಪಟ್ಟಿಯ ಅಂಕಿ ಎಂಬತ್ತು ದಾಟಿ ಕೆಂಪಕ್ಷರ ಬಂದರೆ, ಸರಕಾರದ ವೈದ್ಯರ ಕೈಯಿಂದಲೇ ನೋವಿಲ್ಲದ ಸಾವು. ಜನ ಅದನ್ನು 'ಹೋಗೂ ಯೋಜನಾ' ಎಂದು ಕರೆದರು. ಶ್ರೀಶೈಲ ಒಂದು ಬೆಳಿಗ್ಗೆ ಅಕ್ಕನಿಗೆ ಹೇಳದೆ ಹೋಗಿ ಅರ್ಜಿ ಕೊಟ್ಟು ಬಂದಿದ್ದ.

ದಾನಮ್ಮನಿಗೆ ತಮ್ಮನ ಮೇಲೆ ಬಂದ ಸಿಟ್ಟಿಗಿಂತ ಕಚೇರಿಯ ಮೇಲೆ ಬಂದ ಸಿಟ್ಟು ದೊಡ್ಡದು. ಜಿಲ್ಲಾ ಆಸ್ಪತ್ರೆಗೆ ಮಾನಸಿಕ ರೋಗದ ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು. ಅವರನ್ನು ಕಾಣಲು ಹೆಸರು ಬರೆಸಿದರೆ ಸರದಿ ಬರುವುದು ಹದಿನಾಲ್ಕು ತಿಂಗಳಿಗೆ. ಆ ಸರದಿಯಲ್ಲಿ ತಮ್ಮನ ಹೆಸರು ಇದ್ದೇ ಇತ್ತು. ಈ ಅರ್ಜಿ ಬಿದ್ದ ವಾರವೇ ಅಲ್ಲಿಂದ ತೆಗೆದುಹಾಕಿದ್ದರು. ಯಾಕೆಂದು ಕೇಳಲು ಹೋದಾಗ ಕಿಟಕಿಯ ಗುಮಾಸ್ತ ತಾಳ್ಮೆಯಿಂದಲೇ ತಿಳಿಸಿ ಹೇಳಿದ್ದ: "ಒಬ್ಬ ಫಲಾನುಭವಿಗೆ ಒಂದ ಸೌಲಭ್ಯಾರೀ. ಎರಡೆರಡು ಕಡತ ಇಟ್ಟರ ಮ್ಯಾಲಿನವರು ಆಕ್ಷೇಪಣಾ ತಗೀತಾರ."

"ಒಂದು ಬದುಕಸೂದು, ಒಂದು ಕಳಸೂದು. ಎರಡೂ ಒಂದ ಥರಾ ಸೌಲಭ್ಯಾ ಏನ್ರೀ?"

"ಹಂಗಂತ ಎಲ್ಲೂ ಬರದಿಲ್ಲರಿ. ಎರಡೂ ಆರೋಗ್ಯ ಇಲಾಖೇವ ಅದಾವ."

ಆ ರಾತ್ರಿಯಿಂದ ದಾನಮ್ಮನ ಪೂಜೆಯ ರೀತಿಯೇ ಬದಲಾಯಿತು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತವಳು ವಿಭೂತಿ ಹಚ್ಚುವ ಮೊದಲೇ ಜಗಳ ತೆಗೆಯುತ್ತಿದ್ದಳು. ನಿನಗೇನು, ಕೈಯಾಗ ಕುಂತೀದಿ, ಪತ್ರಿ ಏರಸ್ಕೋತೀದಿ, ಕಿಟಕಿ ಮುಂದ ಒಂದ್ ದಿನಾ ನಿಂತು ನೋಡು. ಇಷ್ಟು ಅಂದಮೇಲೆ ಮನಸ್ಸು ಹಗುರಾಗಿ, ತಪ್ಪಾಯಿತೆಂದು ಕಣ್ಣಿಗೊತ್ತಿಕೊಂಡು ಏಳುತ್ತಿದ್ದಳು. ಶಿವನೂ ಬೈಸಿಕೊಂಡು ಸುಮ್ಮನಿರುತ್ತಿದ್ದ.

ಹನ್ನೆರಡನೆಯ ಅಂಕಿ ಬಂದ ಒಂಬತ್ತನೇ ದಿನ ಮನೆ ಮುಂದೆ ಒಂದು ಕಾರು ನಿಂತಿತು. ಆದೇಶಕ್ಕೆ ಮೊದಲು ಯೋಜನೆಯ ಸಮಿತಿಯವರೊಬ್ಬರು ಮನೆಗೆ ಬಂದು ನೋಡಬೇಕೆಂದು ಕಾಯ್ದೆಯಲ್ಲಿತ್ತು. ಬಂದವರು ಡಾ. ಶರ್ವಾಣಿ ಕಟ್ಟೀಮನಿ. ಅಳಲುಪಟ್ಟಿಯನ್ನು ಕಂಡುಹಿಡಿದವರೇ ಅವರು. ಅರವತ್ತು ದಾಟಿದ ಹೆಂಗಸು, ಬೆಳ್ಳಿಕೂದಲು, ಮೊಣಕಾಲು ನೋವಿನ ನಡಿಗೆ. ಅದು ಆ ತಿಂಗಳಲ್ಲಿ ಅವರು ನೋಡುತ್ತಿದ್ದ ಮೂವತ್ತೊಂದನೆಯ ಮನೆ.

"ಶ್ರೀಶೈಲ ಅವರು ಅದಾರೇನ್ರಿ?"

"ಮಗ್ಗದಾಗ ಅದಾನ್ರಿ. ಕರೀಲೇನು?"

"ಬ್ಯಾಡ, ನಾನ ಬರ್ತೇನಿ."

ಒಳಗೆ ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಶ್ರೀಶೈಲ ನೇಯುತ್ತಿದ್ದ. ಲಾಳಿ ಎಡಕ್ಕೆ ಹಾರಿ ಬಲಕ್ಕೆ ಬರುತ್ತಿತ್ತು. ಅಕ್ಕಪಕ್ಕದ ಮನೆಗಳ ಮಗ್ಗಗಳ ಸದ್ದೂ ಸೇರಿ ಗೋಡೆಗಳೇ ಮಾತಾಡುವಂತಿತ್ತು. ಅವನು ತಲೆ ಎತ್ತಲಿಲ್ಲ. "ಸೆರಗು ಹಿಡದೀನ್ರಿ. ಈಗ ಬಿಟ್ಟರ ಬಿಗಿ ತಪ್ಪತೈತಿ. ನೀವು ಕಟ್ಟೂದು ಕಟ್ರಿ."

ಶರ್ವಾಣಿ ಬಗ್ಗಿ ಚೀಲದಿಂದ ಕಿರುಪಟ್ಟಿಯೊಂದನ್ನು ತೆಗೆದು ಅವನ ಹಣೆಗೆ ಕಟ್ಟಿದರು. ಏಳು ನಿಮಿಷ ಗೋಡೆಗೊರಗಿ ನಿಂತರು. ಕೈಯೊಳಗಿನ ಪರದೆ ಐವತ್ತೆರಡು ಎಂದಿತು. ಅವರು ಪಟ್ಟಿಯನ್ನು ಕೊಡವಿ ಮತ್ತೆ ಕಟ್ಟಿದರು. ಐವತ್ತೊಂದು. ಯಂತ್ರ ಕೆಟ್ಟಿರಬೇಕೆಂದು ಪರೀಕ್ಷಿಸಲು ತಮ್ಮದೇ ಹಣೆಗೆ ಕಟ್ಟಿಕೊಂಡರು. ಅರವತ್ತಾರು ಬಂತು.

ಶ್ರೀಶೈಲ ಅದನ್ನು ಓರೆಗಣ್ಣಿನಲ್ಲಿ ನೋಡಿದ. "ನನಗಿಂತ ನಿಮ್ದ ಜಾಸ್ತಿ ಐತಲ್ರೀ ಬಾಯಾರ. ಅರ್ಜಿ ಬೇಕೇನು? ಒಂದು ಉಳದೈತಿ."

ಎಷ್ಟೋ ತಿಂಗಳ ಮೇಲೆ ತಮ್ಮ ಚೇಷ್ಟೆಯ ಮಾತಾಡಿದ್ದನ್ನು ಕೇಳಿ ದಾನಮ್ಮನಿಗೆ ನಗು ಬಂತು, ಬೆನ್ನಹಿಂದೆಯೇ ಸಿಟ್ಟೂ ಬಂತು. "ಸುಮ್ಮ ನೇಯೋ," ಎಂದಳು.

ಶರ್ವಾಣಿ ನಗಲಿಲ್ಲ. ಕಡತ ತೆಗೆದು ಹಿಂದಿನ ಹನ್ನೆರಡು ಅಂಕಿಗಳ ತಾರೀಖು ಓದತೊಡಗಿದರು. ನಾಲ್ಕನೆಯ ಅಂಕಿಯ ತಾರೀಖಿಗೆ ಬರುವ ಹೊತ್ತಿಗೆ ದಾನಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತಿದ್ದಳು. ಕಪ್ಪು ಚುಕ್ಕೆಯ ದಿನಗಳ ಮೇಲೆ ಬೆರಳಿಡುತ್ತ ಹೋದಳು. ಬೆರಳು ಒಮ್ಮೆಯೂ ತಪ್ಪಲಿಲ್ಲ.

"ಎಲ್ಲಾ ಅಮಾಸಿ ಅದಾವ್ರಿ," ಎಂದಳು.

"ಅಂದ್ರ?"

"ಅಮಾಸಿಗೆ ನಮ್ಮಲ್ಲೆ ಮಗ್ಗಕ್ಕ ಕೈ ಹಚ್ಚೂದಿಲ್ರಿ. ಪೂಜಾ ಮಾಡಿ ಬಿಟ್ಟುಬಿಡ್ತೇವಿ. ಓಣಿ ಓಣಿನ ಸುಮ್ಮಾಗತೈತಿ. ಅವತ್ತ ಇವ ಗ್ವಾಡಿ ಕಡೆ ಮಾರಿ ಮಾಡಿ ಮಲಕೊಂಡ್ರ, ನೀರಿಗೂ ಏಳೂದಿಲ್ಲ, ವ್ಯಾನಿಗೆ ಅಷ್ಟ ಏಳತಾನ."

"ವ್ಯಾನು ಅಮಾವಾಸ್ಯೆ ದಿನಾನ ಯಾಕ ಬರ್ತದ?"

ದಾನಮ್ಮ ಕ್ಯಾಲೆಂಡರು ಬಿಟ್ಟು ಬಂದು ಹೊಸ್ತಿಲ ಮೇಲೆ ಕೂತಳು. ಎರಡು ವರ್ಷದ ಹಿಂದೆ ನೇಕಾರರ ಸಂಘ ಒಂದು ಮನವಿ ಕೊಟ್ಟಿತ್ತು. ವ್ಯಾನು ದುಡಿಮೆಯ ದಿನ ಬಂದರೆ ನಮ್ಮವರ ನೇಯ್ಗೆ ಕೆಡುತ್ತದೆ, ಮಗ್ಗ ಬಿಡುವಿರುವ ಅಮಾವಾಸ್ಯೆಗೆ ಕಳಿಸಿ ಎಂದು. ಸರಕಾರ ಅವರ ಮಾತು ಕೇಳಿದ್ದು ಜನ್ಮದಲ್ಲಿ ಅದೊಂದೇ ಸಲ. ಆ ಮನವಿಯ ಮೊದಲ ಸಹಿ ಸಂಘದ ಕಾರ್ಯದರ್ಶಿ ದಾನಮ್ಮನದು. ಸಂಘದಲ್ಲಿ ಅವಳಿಗೆ ಅದಕ್ಕೊಂದು ಶಾಲನ್ನೂ ಹೊದಿಸಿದ್ದರು.

"ನಾನ ಬರದು ಕೊಟ್ಟೀನ್ರಿ," ಎಂದಳು ಕೊನೆಗೆ. "ನನ್ನ ಕೈಲೇ."

ಶರ್ವಾಣಿಗೆ ಅವಳನ್ನು ಸಮಾಧಾನ ಮಾಡಬೇಕೆನಿಸಿತು, ಆದರೆ ಬಾಯಿಗೆ ಬಂದದ್ದು ತಮ್ಮದೇ ಮಾತು. "ನಾನು ಇದನ್ನ ಯಾವ ಔಷಧ ಯಾರಿಗೆ ನಾಟತದ ಅಂತ ನೋಡಾಕ ಮಾಡಿದ್ದು. ಸಂಕಟ ಇಳಿಯೂದು ಅಂಕಿಯೊಳಗ ಕಾಣಲಿ ಅಂತ. ಇಳಿಯೂದೇ ಇಲ್ಲ ಅಂತನೂ ಹೇಳತದೇನು ಅಂತ ಸರಕಾರದವರು ಕೇಳಿದ್ರು. ಸಾಕಷ್ಟು ಸಲ ಅಳದರ ಹೇಳಬಹುದು ಅಂದೆ. ಅವರು ಹನ್ನೆರಡು ಅಂತ ಬರಕೊಂಡ್ರು."

"ನೀವು ಅಂದ್ರಿ, ಅವರು ಬರಕೊಂಡ್ರು, ನಾನು ಸಹಿ ಮಾಡಿದೆ," ಎಂದಳು ದಾನಮ್ಮ. "ಎಲ್ಲಾರೂ ಶ್ಯಾಣ್ಯಾರು ಕೂಡಿ ಒಬ್ಬನ್ನ ಗ್ವಾಡಿಗೆ ಹಚ್ಚಿ ನಿಂದ್ರಿಸಿದ್ವಿ."

ಆಗ ಲಾಳಿ ನಿಂತಿತು. ಶ್ರೀಶೈಲ ಕುಣಿಯಿಂದ ಏಳದೆಯೇ ತಿರುಗಿದ.

"ಒಂದು ಮಾತು ಹೇಳ್ತೇನಿ. ಅಮಾಸಿ ಬಿಟ್ಟು ಉಳದ ದಿನಾ ನಾ ಚಲೋ ಇರ್ತೇನಂತ ತಿಳಕೋಬ್ಯಾಡ್ರಿ. ಐವತ್ತೆರಡು ಅಂದ್ರ ಏನು ಹಗುರ ಅಲ್ಲ, ನಿಮ್ದು ಅರವತ್ತಾರು ಐತಿ, ನಿಮಗ ಗೊತ್ತಿರಬೇಕು. ಮಗ್ಗದಾಗ ಕುಂತಾಗ ಕೈ ನಡೀತೈತಿ, ಕೈ ಹಿಂದ ನಾ ನಡೀತೇನಿ. ಅಷ್ಟ. ಎದ್ದ ಕೂಡ್ಲೇ ಮತ್ತ ಅದ ನಾನು."

"ಹಂಗಾದ್ರ ಅರ್ಜಿ ಇರಲೇನು?" ಶರ್ವಾಣಿ ಕೇಳಿದರು.

ಅವನು ಸ್ವಲ್ಪ ಹೊತ್ತು ನೂಲಿನ ಮೇಲೆ ಕೈಯಾಡಿಸಿದ. "ಬ್ಯಾನಿ ವಾಸಿ ಮಾಡ್ರಿ ಅಂತ ಬಾಗಲಾ ಬಡದೆ. ಹದಿನಾಲ್ಕು ತಿಂಗಳ ಬಿಟ್ಟು ಬಾ ಅಂದ್ರು. ಹೋಗ್ತೇನಿ ಅಂದೆ. ಹನ್ನೆರಡು ಅಂಕಿ, ಆಮ್ಯಾಲ ಇಪ್ಪತ್ತೊಂದು ದಿನಾ ಅಂದ್ರು. ತಾರೀಖು ಕೊಟ್ಟದ್ದು ಆ ಒಂದ ಬಾಗಲಾರಿ. ನನಗ ಸಾಯೂದ ಬೇಕಿತ್ತು ಅಂತಲ್ಲ. ಯಾವದಾರ ಒಂದು ಮುಗೀಬೇಕಾಗಿತ್ತು."

ಶರ್ವಾಣಿ ಕಡತ ಮಡಿಸಿ ಚೀಲಕ್ಕೆ ಹಾಕಿದರು. ಪಕ್ಕದ ಮನೆಯ ಮಗ್ಗದ ಸದ್ದು ಬರುತ್ತಿತ್ತು.

ಮರುದಿನ ಶರ್ವಾಣಿ ಜಿಲ್ಲಾ ಕಚೇರಿಗೆ ಹೋದರು. ದಾನಮ್ಮನೂ ಜೊತೆಗಿದ್ದಳು, ಬೇಡವೆಂದರೂ ಕಾರು ಹತ್ತಿದ್ದಳು. ಯೋಜನೆಯ ಅಧಿಕಾರಿ ಸಣ್ಣ ವಯಸ್ಸಿನವ, ವಿನಯವಂತ. ಅಂಕಿಗಳನ್ನೆಲ್ಲ ಕೇಳಿ, "ಸರಿ ಮೇಡಂ, ಇವರ ತಮ್ಮನ ಅಂಕಿ ರದ್ದು ಮಾಡೋಣ. ಹೊಸದಾಗಿ ಹನ್ನೆರಡು ತಿಂಗಳು ಅಳೆಯೋಣ, ಬೇರೆ ತಿಥಿಯಲ್ಲಿ," ಎಂದ.

"ಇವರೊಬ್ಬರದಲ್ಲ. ಕರಾವಳಿಯಲ್ಲಿ ವ್ಯಾನು ದೋಣಿ ಇಳಿಯದ ದಿನ ಹೋಗ್ತದೆ. ಗಿರಣಿಗಳ ಊರಿಗೆ ರಜೆಯ ದಿನ ಹೋಗ್ತದೆ. ಜನರಿಗೆ ಬಿಡುವಿದ್ದಾಗ ಅಳೀತೀರಿ. ಬಿಡುವೇ ಅವರ ರೋಗದ ದಿನ. ಮೊದಲು ಚಿಕಿತ್ಸೆ ಕೊಡಿ, ಕೊಟ್ಟು ಅಳೀರಿ. ಔಷಧವನ್ನೇ ಕಾಣದವನಿಗೆ ತೀರದು ಅಂತ ನನ್ನ ಯಂತ್ರ ಹೇಳಬಾರದು."

"ಚಿಕಿತ್ಸೆಗೆ ಡಾಕ್ಟರು ಎಲ್ಲಿದ್ದಾರೆ ಮೇಡಂ?" ಅಧಿಕಾರಿ ನಿಜಕ್ಕೂ ಗೊಂದಲಕ್ಕೆ ಬಿದ್ದವನಂತೆ ಕೇಳಿದ. "ಅವರು ಇಲ್ಲ ಅಂತಾನೇ ತಾನೆ ಈ ಯೋಜನೆ ಬಂದದ್ದು."

ದಾನಮ್ಮ ಮೇಜಿನ ಹತ್ತಿರ ಬಂದಳು. "ಸಾಹೇಬ್ರ," ಎಂದಳು, "ನೀವು ಹುಡುಗರದೀರಿ, ಬೈಯೂದಿಲ್ಲ. ನೀವಂದ ಮಾತು ಒಮ್ಮೆ ನಿಮ್ಮ ತಾಯಿ ಮುಂದ ಹೇಳಿ ನೋಡ್ರಿ."

ಅಧಿಕಾರಿ ಮೇಜಿನ ಮೇಲಿದ್ದ ಕಾಗದಗಳನ್ನು ಸರಿಪಡಿಸತೊಡಗಿದ. ಅವು ಸರಿಯಾಗಿಯೇ ಇದ್ದವು.

ಪಟ್ಟಿಗಳು ನಿಖರವಾಗಿವೆ ಎಂಬ ಪ್ರಮಾಣಪತ್ರಕ್ಕೆ ಅವನ್ನು ಕಂಡುಹಿಡಿದವರೇ ವರ್ಷಕ್ಕೊಮ್ಮೆ ಸಹಿ ಹಾಕಬೇಕಿತ್ತು. ಆ ವರ್ಷ ಶರ್ವಾಣಿ ಹಾಕಲಿಲ್ಲ. ರಾಜ್ಯದ ವ್ಯಾನುಗಳೆಲ್ಲ ನಿಂತವು, ಯೋಜನೆಯೂ ನಿಂತಿತು. ಹೊಗಳಿ ಬರೆದವರಿದ್ದರು. ಆದರೆ ಶರ್ವಾಣಿಯ ನಿದ್ದೆ ಕೆಡಿಸಿದ್ದು ಬೇರೆ ಪತ್ರಗಳು. ಹದಿನೆಂಟು ವರ್ಷ ಎಲ್ಲ ಔಷಧಗಳನ್ನೂ ನುಂಗಿ ಸೋತ ಹೆಂಗಸೊಬ್ಬಳು ಬರೆದಿದ್ದಳು: ನನಗೆ ಡಾಕ್ಟರೂ ಸಿಕ್ಕಿದ್ದರು, ಮನೆಯವರೂ ಇದ್ದಾರೆ, ನನ್ನ ಅಂಕಿ ದಿನವೂ ತೊಂಬತ್ತು, ಯಾರದೋ ತಪ್ಪು ಲೆಕ್ಕಕ್ಕೆ ನನ್ನ ಮಾತನ್ನೂ ಯಾಕೆ ಹೊಡೆದುಹಾಕಿದಿರಿ? ಆ ಪತ್ರಕ್ಕೆ ಶರ್ವಾಣಿ ಮೂರು ಸಲ ಉತ್ತರ ಬರೆದು ಮೂರು ಸಲವೂ ಹರಿದರು. ಕೊನೆಗೆ, ನಿಮ್ಮನ್ನು ನೋಡಲು ಬರಲೇ ಎಂದಷ್ಟೇ ಬರೆದು ಕಳಿಸಿದರು.

ಶ್ರೀಶೈಲನಿಗೆ ಸುದ್ದಿ ಹೇಳಲು ತಾವೇ ಫೋನು ಮಾಡಿದಾಗ ಅವನು ಪೂರ್ತಿ ಕೇಳಿಸಿಕೊಂಡ. "ಚಲೋ ಆತ್ರಿ. ಇದೊಂದು ಬಾಗಲಾ ಮುಚ್ಚಿದ್ರಿ. ಆ ಇನ್ನೊಂದು ಯಾವಾಗ ತಗೀತಾರಂತ?"

ಶರ್ವಾಣಿಯ ಬಳಿ ಅದಕ್ಕೆ ತಾರೀಖು ಇರಲಿಲ್ಲ.

ದಾನಮ್ಮ ತಾರೀಖಿಗೆ ಕಾಯಲಿಲ್ಲ. ಡಾಕ್ಟರು ಬರುವ ಮಂಗಳವಾರ ಬುತ್ತಿ ಕಟ್ಟಿಕೊಂಡು ತಮ್ಮನನ್ನು ಎಬ್ಬಿಸಿ ಮೊದಲ ಬಸ್ಸಿಗೆ ಜಿಲ್ಲಾ ಆಸ್ಪತ್ರೆಗೆ ಹೋದಳು. ಚೀಟಿ ಇಲ್ಲದೆ ಬಿಡುವುದಿಲ್ಲವೆಂದರು. ಬಿಡಬ್ಯಾಡ್ರಿ, ಕುಂದರ್ತೇವಿ ಎಂದಳು. ಸಂಜೆಯವರೆಗೆ ಕೂತು ಬಂದರು. ಗುರುವಾರ ಮತ್ತೆ ಹೋದರು. ಹೀಗೆ ಐದು ಸಲ. ಶ್ರೀಶೈಲ ಬೇಸತ್ತು, "ನಿನ್ನ ಕಾಟಕ್ಕಿಂತ ಬ್ಯಾನೀನ ವಾಸಿ," ಎಂದ. "ಹಂಗರ ಅನ್ನು," ಎಂದಳು ಅವಳು, ರೊಟ್ಟಿ ಮುರಿದು ಕೈಗೆ ಕೊಡುತ್ತ.

ಆರನೆಯ ಸಲ, ಕದ ಹಾಕಿಕೊಂಡು ಹೊರಟ ಡಾಕ್ಟರು ಇವರನ್ನು ನೋಡಿ ನಿಂತರು. ಅಂದು ಎಪ್ಪತ್ತು ಜನರನ್ನು ನೋಡಿದ್ದರು. ಕಣ್ಣು ಕೆಂಪಾಗಿತ್ತು. ಗೊಣಗಿಕೊಂಡೇ ಕದ ತೆರೆದು, ಕುರ್ಚಿ ತೋರಿಸಿ, ಪೆನ್ನನ್ನೂ ಮುಟ್ಟದೆ ಕೇಳಿದರು: "ಹೇಳಪಾ, ಏನಾಗತೈತಿ?"

ಇಷ್ಟು ವರ್ಷದಲ್ಲಿ ಅಂಕಿ ಕೇಳದೆ ಅವನನ್ನು ಕೇಳಿದ ಮೊದಲ ಸರಕಾರಿ ಮನುಷ್ಯ ಅವರು. ಶ್ರೀಶೈಲ ಹೇಳತೊಡಗಿದ. ಅದು ಬೇಗ ಮುಗಿಯುವ ಮಾತಾಗಿರಲಿಲ್ಲ. ವಾಸಿಯಾದನೇ ಎಂದು ಕೇಳಿದರೆ, ಈ ಕತೆ ಹೇಳುವವನಿಗೆ ಗೊತ್ತಿಲ್ಲ. ಅದು ಶಿವನಿಗೂ ಆ ಡಾಕ್ಟರಿಗೂ ಬಿಟ್ಟದ್ದು.

ಅಳಲುಪಟ್ಟಿ ಇನ್ನೂ ಹುಟ್ಟಿಲ್ಲ. ಆ ಕಾಯ್ದೆಯೂ ಬಂದಿಲ್ಲ. ಮೂವತ್ತೈದು ವರ್ಷ ಕಾಯದೆ ಈಗಲೇ ನೋಡಬಹುದಾದದ್ದು ಒಂದೇ: ಆ ಆಸ್ಪತ್ರೆಯ ಮೊಗಸಾಲೆ. ಇವತ್ತು ಮಂಗಳವಾರವಾಗಿದ್ದರೆ, ಯಾರೋ ಒಬ್ಬಳು ಅಲ್ಲಿ ತನ್ನವನೊಬ್ಬನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೂತಿದ್ದಾಳೆ, ಒಳಗಿನಿಂದ ಕದ ತೆರೆಯಲೆಂದು.