ಏಪ್ರಿಲ್ ಮುಗಿಯುವ ತನಕ

ಕೋಲ್ಡ್ ರೂಮಿನ ಬಾಗಿಲು ಮುಚ್ಚಿಕೊಂಡಿತು. ಹೊರಗೆ ಚಿಲಕ ಬಿತ್ತು.

ಒಳಗೆ ನಾನು. ಸುತ್ತ ಕೊಕ್ಕೆಗೆ ನೇತುಬಿದ್ದ ಸ್ನೂಕ್ ಮೀನುಗಳು. ಅವು ಸತ್ತಿದ್ದವು. ನಾನು ಇನ್ನೂ ಸತ್ತಿರಲಿಲ್ಲ...

"ಕಾಗದ ಎಲ್ಲಿ, ತಂಗಿ?" ನನ್ನನ್ನು ಕೂಡಿಹಾಕಿದ ಕ್ರೇನ್ ಬಾಗಿಲಿನ ಕಿಂಡಿಯಿಂದ ಕೇಳಿದ.

"ಬ್ಯಾಗು ನಿನ್ನ ಕೈಯಲ್ಲೇ ಇದೆಯಲ್ಲಣ್ಣ. ನೋಡಿಕೋ."

"ನೋಡಿದೆ. ಲಿಪ್‌ಸ್ಟಿಕ್ಕು, ಬಾಚಣಿಗೆ, ಸಮೋಸಾ."

"ಸಮೋಸಾ ಮುಟ್ಟಬೇಡ."

ಅಗಿಯುವ ಸದ್ದು ಬಂತು.

ನನ್ನ ಹೆಸರು ಮೊನೀಬಾ ಫಕೀರ್. ಸತ್ತವರ ನೆಂಟರನ್ನು ಹುಡುಕಿಕೊಡುವುದು ನನ್ನ ಕಸುಬು. ಹಳೆಯ ಉಯಿಲು, ಆಸ್ತಿ ಹಂಚಿಕೆಯ ಕಡತ, ಹರಾಜಿನ ಪಟ್ಟಿ... ಕೇಪ್ ಟೌನಿನ ದಫ್ತರಖಾನೆಯ ದೂಳು ಕುಡಿದು ಬದುಕುವವಳು ನಾನು. ಸತ್ತವರಿಂದ ನನಗೆ ಯಾವತ್ತೂ ತೊಂದರೆಯಾಗಿಲ್ಲ. ತೊಂದರೆಯೆಲ್ಲ ಬದುಕಿರುವವರದೇ.

ಈ ಸಲದ ಸತ್ತವಳು ರೋಸಿನಾ. ಇನ್ನೂರು ವರ್ಷಕ್ಕೂ ಹಿಂದೆ ಕೋರಮಂಡಲ ತೀರದಿಂದ ಹಡಗಿನಲ್ಲಿ ತಂದು ಇಲ್ಲಿ ಮಾರಿದ ಹೆಣ್ಣು. ಊರವರ ಬಟ್ಟೆ ಒಗೆದು ಒಗೆದು ತನ್ನನ್ನು ತಾನೇ ಕೊಂಡುಕೊಂಡಳು. ಹಳೆಯ ಒಡೆಯ ಬ್ರಿಂಕ್ ಕೊಟ್ಟ ಜಾಗದಲ್ಲಿ, ಕಾಕ್ ಬೇ ಬಂದರಿನ ಮೇಲಿನ ದಿಣ್ಣೆಯಲ್ಲಿ, ಒಂದು ಮನೆ ಕಟ್ಟಿಸಿದಳು. ಸಾಯುವ ಮುಂಚೆ ಉಯಿಲು ಬರೆಸಿದಳು. ಅದರ ಒಂದು ಸಾಲಿನಿಂದಲೇ ಈಗ ನಾನು ಮೀನಿನ ಜೊತೆ ನಡುಗುತ್ತಿದ್ದದ್ದು.

'ಏಪ್ರಿಲ್ ಮುಗಿಯುವ ತನಕ ಮನೆ ನಮ್ಮದು. ಆಮೇಲೆ ಬ್ರಿಂಕ್ ಮನೆತನದ್ದು.'

ಆ ಮನೆಯಲ್ಲಿ ಈಗ ಇರುವುದು ಡಾಲ್ ಏಪ್ರಿಲ್. ಬಂದರಿನ ಎಲ್ಲರಿಗೂ ಡಾಲ್ ಆಂಟಿ. ಸ್ನೂಕ್ ಮೀನಿಗೆ ಹೊಗೆ ಹಾಕಿ ಮಾರುವವಳು, ಹುಟ್ಟಿದ್ದೂ ಅದೇ ಸೂರಿನಡಿ. ಮನೆಯ ಮೇಲೆ ಕಣ್ಣು ಬಿದ್ದದ್ದು ಫೊಸ್ಲೂ ಎಂಬ ಹೋಟೆಲ್ ಧಣಿಗೆ. ಬ್ರಿಂಕ್ ವಂಶದ ಕೊನೆಯವನನ್ನು ಎಲ್ಲಿಂದಲೋ ಹಿಡಿದು ತಂದು, ಅವನ ಹಕ್ಕನ್ನು ತನ್ನ ಹೆಸರಿಗೆ ಬರೆಸಿಕೊಂಡ. ರೋಸಿನಾ ಸತ್ತಿದ್ದು ಫೆಬ್ರವರಿಯಲ್ಲಿ, ಮನೆ ಖಾಲಿ ಮಾಡಲು ಏಪ್ರಿಲ್ ತಿಂಗಳ ಗಡುವು ಕೊಟ್ಟಿದ್ದಳು, ಇವರು ಅಂದಿನಿಂದ ಬಿಟ್ಟಿ ಕೂತಿದ್ದಾರೆ ಅಂತ ಅವನ ವಕೀಲನ ವಾದ.

ಏಪ್ರಿಲ್ ಅಂದರೆ ತಿಂಗಳಲ್ಲ, ನಮ್ಮ ಮುತ್ತಜ್ಜನ ಅಜ್ಜ ಅಂದಳು ಆಂಟಿ. ಹಡಗಿಳಿದ ತಿಂಗಳನ್ನೋ ಹುಟ್ಟಿದ ತಿಂಗಳನ್ನೋ ಗುಲಾಮರಿಗೆ ಹೆಸರು ಅಂತ ಅಂಟಿಸಿದ ಊರು ಇದು. ವಕೀಲ ನಕ್ಕ. ಅಂಥ ಹೆಸರಿನವರು ಬೀದಿಗೊಬ್ಬರಿದ್ದಾರೆ, ಹಾಗಂತ ಕ್ಯಾಲೆಂಡರೆಲ್ಲ ಅವರಜ್ಜನದ್ದಾ ಅಂದ. ರೋಸಿನಾಗೆ ಆ ಹೆಸರಿನ ಮಗನಿದ್ದದ್ದಕ್ಕೆ ಸಾಕ್ಷಿ ಎಲ್ಲಿ ಅಂದ.

ಆಂಟಿಗಾಗಿ ಹುಡುಕಿದ ನನಗೆ ಸಾಕ್ಷಿಯ ಕಾಗದ ಸಿಕ್ಕಿತು. ತೀರ್ಪು ಇವತ್ತೇ, ಊಟದ ಹೊತ್ತಿಗಿಂತ ಮುಂಚೆ.

ಆಂಟಿಯನ್ನು ಕರೆದೊಯ್ಯಲು ಬಂದರಿಗೆ ಬಂದೆ. ಹಿಂದೆಯೇ ಫೊಸ್ಲೂನ ಆಳು ಕ್ರೇನ್. ಬಲೆಗಳ ರಾಶಿ ಹಾರಿದೆ. ಅವನು ಬಲೆ ಸಮೇತ ಬಂದ. ಐಸ್ ಗಾಡಿಯ ಹಿಂದೆ ಅಡಗಿದೆ. ಅವನು ಗಾಡಿಯನ್ನೇ ಎತ್ತಿ ಪಕ್ಕಕ್ಕಿಟ್ಟ. ಓಡಿ ಕೋಲ್ಡ್ ರೂಮಿಗೆ ನುಗ್ಗಿದೆ... ಬುದ್ಧಿವಂತೆ ನೋಡಿ, ಅದಕ್ಕಿದ್ದದ್ದು ಒಂದೇ ಬಾಗಿಲು. ಕಾಗದವನ್ನು ಪ್ಲಾಸ್ಟಿಕ್ ಸಮೇತ ಒಂದು ಮೀನಿನ ಹೊಟ್ಟೆಗೆ ತುರುಕಲು ಮಾತ್ರ ಸಮಯ ಸಿಕ್ಕಿತು. ಅವನು ಬ್ಯಾಗು ಕಸಿದುಕೊಂಡು ಚಿಲಕ ಹಾಕಿದ.

ಹಲ್ಲು ಕಟಕಟ ಅನ್ನತೊಡಗಿತು. ತೀರ್ಪು ಬರುವ ತನಕ ನೀನು ಇಲ್ಲೇ, ಸಾಹೇಬರ ಮಾತು ಅಂದ ಕ್ರೇನ್. ಸರಿ, ಕಾಗದದಲ್ಲಿ ಏನಿದೆ ಅಂತಾದರೂ ಕೇಳು ಅಂದೆ. ಅವನಿಗೂ ಬೇರೆ ಕೆಲಸವಿರಲಿಲ್ಲ. ಸಮೋಸಾ ಮುಗಿದಿತ್ತು.

ರೋಸಿನಾಳನ್ನು ಮಣ್ಣು ಮಾಡಿದ ಖರ್ಚನ್ನೆಲ್ಲ ಆಗಿನವರು ಬರೆದಿಟ್ಟಿದ್ದರು ಅಂತ ಹೇಳಿದೆ. ಪೆಟ್ಟಿಗೆ, ಮೇಣದಬತ್ತಿ, ಬಂದವರಿಗೆ ಕಾಫಿ. ಅದರ ಕೆಳಗೆ ಇನ್ನೊಂದು ಸಾಲು.

"ಮಣ್ಣಿಗೆ ಬರಲು ಮಗ ಏಪ್ರಿಲ್‌ಗೆ ಒಂದು ಜೊತೆ ಬೂಟು."

ಕ್ರೇನ್ ಕಿಂಡಿಗೆ ಮುಖ ಒತ್ತಿದ.

"ಬೂಟು ಅಂತಾನೇ ಬರೆದಿದೆಯಾ?"

"ಬೂಟು ಅಂತಾನೇ."

ಕೇಪಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಕಾಲದಲ್ಲಿ ಗುಲಾಮರಿಗೆ ಬರಿಗಾಲೇ ಗತಿ. ಕಾಲಿಗೆ ಬೂಟು ಬಂತು ಅಂದರೆ ಬಿಡುಗಡೆ ಬಂತು ಅಂತಲೇ ಅರ್ಥ. ತಾಯಿ ತಾನು ಸತ್ತು, ಬಿಟ್ಟುಹೋದ ದುಡ್ಡಿನಿಂದ ಮಗನನ್ನು ಬಿಡಿಸಿಕೊಂಡಿದ್ದಳು.

"ತಿಂಗಳಿಗೆ ಯಾರಾದರೂ ಬೂಟು ಹೊಲಿಸ್ತಾರಾ ಅಣ್ಣ?"

ಕಿಂಡಿಯಾಚೆ ಅವನು ತಲೆ ಅಲ್ಲಾಡಿಸಿದ.

"ಅಂದಹಾಗೆ ನಿನ್ನ ಮನೆತನದ ಹೆಸರೇನು?"

ಅವನು ಸಣ್ಣ ದನಿಯಲ್ಲಿ ಹೇಳಿದ...

"ಸೆಪ್ಟೆಂಬರ್."

"ಹೌದಾ? ಯಾವ ತಾರೀಖಿನ ತನಕ ಇರ್ತೀಯ?"

ಚಿಲಕ ತೆಗೆದ ಸದ್ದಾಯಿತು.

ಆಮೇಲಿನದ್ದು ವೇಗ! ಫೊಸ್ಲೂನ ಕಾರು, ಫೊಸ್ಲೂನ ಪೆಟ್ರೋಲು, ಸ್ಟಿಯರಿಂಗ್ ಹಿಂದೆ ಫೊಸ್ಲೂನ ರೌಡಿ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಚರ್ಚಿನ ಟೋಪಿ ಹಾಕಿಕೊಂಡ ಡಾಲ್ ಆಂಟಿ. ಅವಳ ಮಡಿಲಲ್ಲಿ ಮೀನು, ಮೀನಿನ ಹೊಟ್ಟೆಯಲ್ಲಿ ಕಾಗದ. ಕಡಲ ಬದಿಯ ರಸ್ತೆಯ ಪ್ರತಿ ತಿರುವಿನಲ್ಲೂ ಮೀನು ನನ್ನ ಕೆನ್ನೆಗೆ ಬಡಿಯಿತು. ಇನ್ನು ಹದಿನೈದು ದಿನ ತೊಳೆದರೂ ಈ ಸೀಟಿನ ವಾಸನೆ ಹೋಗಲ್ಲ ಅಂತ ಆಂಟಿ ಖುಷಿಯಿಂದ ಹೇಳಿದಳು.

ಕ್ರೇನ್‌ನ ಫೋನು ಹೊಡೆದುಕೊಂಡಿತು. ಫೊಸ್ಲೂ. ಆ ಹೆಂಗಸು ಎಲ್ಲಿ ಅಂತ ಕೇಳುತ್ತಿದ್ದದ್ದು ನನಗೂ ಕೇಳಿಸಿತು.

"ತಣ್ಣಗಿದ್ದಾಳೆ ಸಾರ್," ಅಂದ ಕ್ರೇನ್. ಕೆಂಪು ಸಿಗ್ನಲ್ ದಾಟಿದ.

ಕೋರ್ಟಿನ ಮೆಟ್ಟಿಲ ಮೇಲೆ ಫೊಸ್ಲೂ ಸ್ವತಃ ಅಡ್ಡ ನಿಂತ. ತನ್ನ ಕಾರನ್ನು ನೋಡಿದ. ತನ್ನ ಆಳನ್ನು ನೋಡಿದ. ಬಾಯಿ ತೆರೆಯುವಷ್ಟರಲ್ಲಿ ಕ್ರೇನ್ ಅವನ ಎರಡೂ ಕಂಕುಳಿಗೆ ಕೈ ಹಾಕಿ, ಐಸ್ ಗಾಡಿಯ ಹಾಗೆ ಎತ್ತಿ ಪಕ್ಕಕ್ಕಿಟ್ಟ.

ನ್ಯಾಯಾಧೀಶೆ ಮೂಗಿಗೆ ಕರ್ಚೀಫು ಹಿಡಿದು ಕಾಗದ ಬಿಡಿಸಿದರು. ಇದು ಮೀನು ನಾರುತ್ತಿದೆ ಅಂತ ಫೊಸ್ಲೂನ ವಕೀಲ ಎದ್ದು ತಕರಾರು ತೆಗೆದ.

"ನಿಮ್ಮ ವಾದದಷ್ಟಿಲ್ಲ, ಕೂತ್ಕೊಳ್ಳಿ," ಅಂದರು ಅವರು.

ಬೂಟಿನ ಸಾಲನ್ನು ಅವರು ಗಟ್ಟಿಯಾಗಿ ಓದಿದರು. ತಡೆದು, ಇನ್ನೊಮ್ಮೆ ಓದಿದರು. ಕ್ರೇನ್ ಬಾಗಿಲ ಕಡೆ ಮುಖ ತಿರುಗಿಸಿದ. ಡಾಲ್ ಆಂಟಿ ಬಗ್ಗಿ ತನ್ನ ಬೂಟುಗಳನ್ನು ನೋಡಿಕೊಂಡಳು, ಯಾರೋ ಈಗಷ್ಟೇ ತೊಡಿಸಿದ ಹಾಗೆ.

ಮನೆ ಉಳಿಯಿತು. ಏಪ್ರಿಲ್ ವಂಶದ ಒಬ್ಬರಿರುವ ತನಕವೂ ಅದು ಅವರದೇ ಅಂತ ತೀರ್ಪು. ಹೊರಗೆ ಫೊಸ್ಲೂ ಕಾಯುತ್ತಿದ್ದ. ಸೋಲು ಅರಗಿಸಿಕೊಳ್ಳುವ ಮನುಷ್ಯನಲ್ಲ.

"ಉಯಿಲಿನಲ್ಲಿ ನನ್ನ ಸಾಲೂ ಇದೆ, ಮರೀಬೇಡ ಮುದುಕಿ. ಯಾವತ್ತಾದರೂ ಅದು ನನಗೇ ಬರಬೇಕು."

"ಖಂಡಿತ ಬಾಪ್ಪ," ಅಂದಳು ಡಾಲ್ ಆಂಟಿ, ಟೋಪಿ ಸರಿಮಾಡಿಕೊಳ್ಳುತ್ತ. "ಏಪ್ರಿಲ್ ಮುಗಿದ ಮೇಲೆ ಬಾ."

ಅವಳ ಹಿಂದೆ ಮೆಟ್ಟಿಲ ತುಂಬ ಮೊಮ್ಮಕ್ಕಳು. ಕೊನೆಯ ಸೊಸೆ ತುಂಬು ಬಸುರಿ.

ಮುಂದಿನ ಏಪ್ರಿಲ್ ಜೂನ್‌ನಲ್ಲಿ ಹುಟ್ಟುತ್ತೆ.