ಹೊಳೆಯಾಚೆಗೆ ಕರೆದ ಅಕ್ಷರ

ಬಹಳ ಹಿಂದೆ, ಕಲ್ಲಿಗೂ ಕಣ್ಣು ಬರುತ್ತಿದ್ದ ಕಾಲದಲ್ಲಿ, ಕಂಬಾವತಿ ಎಂಬ ರಾಜ್ಯವಿತ್ತು. ಅಲ್ಲಿ ಬಡಗಿ ಕಾಳವ್ವನೂ ಅವಳ ತಮ್ಮ ಮೌನೇಶನೂ ಹಲಗೆಗಳ ಮೇಲೆ ಅಕ್ಷರ ಕೆತ್ತಿ, ಮಸಿ ತುಂಬಿ, ಊರಿಗೆಲ್ಲ ಕೊಡುತ್ತಿದ್ದರು.

ಒಂದು ದಿನ ಸುರುಳಿಕೇಶನೆಂಬ ಮಾಂತ್ರಿಕ ಬಂದ. ಅವನ ಮಂತ್ರವೆಲ್ಲ ಅವನ ಗುಂಗುರು ಕೂದಲಲ್ಲೇ ಇತ್ತು.

"ನಾನೇ ದೇವರು ಅಂತ ಕೆತ್ತು" ಎಂದ.

"ಸುಳ್ಳಿಗೆ ನನ್ನ ಉಳಿ ಓಡೋದಿಲ್ಲ" ಎಂದ ಮೌನೇಶ.

ಅಷ್ಟೇ! ಮಾಂತ್ರಿಕ ಅವನನ್ನು ಹೊಳೆಯಾಚೆ ಕಲ್ಲಾಗಿ ನಿಲ್ಲಿಸಿದ. ಕಣ್ಣೆರಡರಲ್ಲಿ ಮಾತ್ರ ಜೀವ ಉಳಿಸಿದ.

ಕಾಳವ್ವ ಅತ್ತಳು, ಆಮೇಲೆ ಬಾಯಿಗೆ ಬಂದಂತೆ ಬೈದಳು. "ನನಗಿರೋನು ಅವನೊಬ್ಬನೇ. ಬಿಡೋ ಅವನನ್ನ!"

ಮಾಂತ್ರಿಕ ನಕ್ಕ. "ಈ ದಡದಲ್ಲಿ ಹಲಗೆ ನೆಟ್ಟು ಕರೆ. ಅಲ್ಲಿಂದ ಓದಿದರೆ ನಿನ್ನ ತಮ್ಮ ಮತ್ತೆ ಮನುಷ್ಯ. ಹಲಗೆ ಒಂದೇ ಮೊಳ ಅಗಲ, ಬರಹ ಒಂದೇ ಸಾಲು. ಮೂರು ದಿನ, ಮೂರು ಹಲಗೆ. ಮೂರೂ ಸೋತರೆ ಕಣ್ಣೂ ಕಲ್ಲು."

ಮೊದಲ ದಿನ ಅವಳು 'ಮೌನೇಶಾ ಮನೆಗೆ ಬಾ' ಎಂದು ದುಂಡಗೆ, ಬಾಲ ಬಳುಕಿಸಿ ಕೆತ್ತಿದಳು. ನೋಡೋಕೆ ಏನು ಚೆಂದ! ಆದರೆ ಏಳು ಅಕ್ಷರ ಒಂದು ಮೊಳದೊಳಗೆ ಹಿಡಿಯಬೇಕಲ್ಲ, ಅಂಗೈಗಿಂತ ಚಿಕ್ಕವಾದವು. ಸಾಲದ್ದಕ್ಕೆ ಮಾಂತ್ರಿಕನ ಹಲ್ಲಿ ಬಂದು ಅಕ್ಷರಗಳ ಬಾಲಗಳನ್ನೆಲ್ಲ ತಿಂದು ತೇಗಿತು. ಕಲ್ಲು ಕದಲಲಿಲ್ಲ.

ಎರಡನೆಯ ದಿನ ಕಾಳವ್ವ ತೊಡೆ ತಟ್ಟಿದಳು. "ಅಗಲಕ್ಕೆ ತಾನೇ ಅಂಕೆ ಹಾಕಿದ್ದು? ಎತ್ತರಕ್ಕಿಲ್ಲವಲ್ಲ!" ಎರಡಾಳೆತ್ತರದ ಹಲಗೆ ತಂದಳು. ಅಕ್ಷರಗಳನ್ನು ಭುಜಕ್ಕೆ ಭುಜ ತಾಗಿಸಿ, ಉದ್ದಕ್ಕೆ ಎಳೆದು, ಮೇಲಿಂದ ಕೆಳಗೆ ಒಂದೇ ದಪ್ಪಕ್ಕೆ ನಿಲ್ಲಿಸಿದಳು. ಬಾಲವಿಲ್ಲ, ಬಳುಕಿಲ್ಲ. ಹಲ್ಲಿ ಹಿಡಿತ ಸಿಗದೆ ಜಾರಿ ಹೊಳೆಗೆ ಬಿತ್ತು. ಆಗ ಮಾಂತ್ರಿಕ ಮಂಜು ಊದಿದ. ಅಯ್ಯೋ, ದಪ್ಪದ ಆಸೆಗೆ ಅಕ್ಷರಗಳ ಹೊಟ್ಟೆಯೊಳಗಿನ ಸಂದೇ ಮುಚ್ಚಿಹೋಗಿತ್ತು! ಆಚೆಯಿಂದ ಅದು ಬರೀ ಕರಿಗೋಡೆ.

ಮೂರನೆಯ ದಿನ ಅವಳು ಮತ್ತೆ ಉಳಿ ಹಿಡಿದಳು. ಅದೇ ಎತ್ತರ, ಅದೇ ದಪ್ಪ. ಆದರೆ ಪ್ರತಿ ಅಕ್ಷರದ ಒಳಗೂ ಬೆಳಕು ಹಾಯುವಷ್ಟು ಸಂದು ಬಿಟ್ಟಳು. "ಉಸಿರಾಡ್ರಪ್ಪ" ಎಂದು ಅಕ್ಷರಗಳಿಗೆ ಹೇಳಿ ಹಲಗೆ ನೆಟ್ಟಳು.

ಮಾಂತ್ರಿಕ ಊದಿದ, ಊದಿದ, ಕೆನ್ನೆ ನೋಯುವವರೆಗೂ ಊದಿದ. ಮಂಜಿನ ನಡುವೆಯೂ ಏಳು ಅಕ್ಷರ ಎದೆ ಸೆಟೆಸಿ ನಿಂತಿದ್ದವು. ಆಚೆ ದಡದಲ್ಲಿ ಕಲ್ಲಿನ ಕಣ್ಣು ತೇವವಾಯಿತು. ಕಾಲು ಮೂಡಿತು, ಕೈ ಮೂಡಿತು. ಮೌನೇಶ ಹೊಳೆಗೆ ಹಾರಿ ಈಜತೊಡಗಿದ. ಕೈಲಾಗದವ ಮೈ ಪರಚಿಕೊಂಡ ಅಂತಾರಲ್ಲ, ಹಾಗೆ ಮಾಂತ್ರಿಕ ತಲೆ ಪರಚಿಕೊಂಡ. ಗುಂಗುರೆಲ್ಲ ಕಿತ್ತು ಬಂತು, ಜೊತೆಗೆ ಮಂತ್ರವೂ ಹೋಯಿತು. ಬೋಳುತಲೆ ಮುಚ್ಚಿಕೊಂಡು ಓಡಿಹೋದ.

ಸುದ್ದಿ ಕೇಳಿ ಸಂತೋಷಗೊಂಡ ಕಂಬಾವತಿಯ ರಾಜ, "ನನ್ನ ವಂಶದ ಕತೆಯನ್ನೆಲ್ಲ ಇದೇ ಅಕ್ಷರದಲ್ಲಿ ಕೆತ್ತಮ್ಮ" ಎಂದ.

"ಬೇಡಿ ಪ್ರಭು, ಇದು ದೂರದವರನ್ನ ಕರೆಯೋ ಅಕ್ಷರ. ನಾಲ್ಕು ಮಾತಿಗೆ ಸರಿ, ಪುರಾಣಕ್ಕಲ್ಲ" ಎಂದಳು ಕಾಳವ್ವ. ಅಂದಿನಿಂದ ಕೋಟೆಬಾಗಿಲಿಗೆ, ದೋಣಿಕಟ್ಟೆಗೆ, ಮೊಸಳೆಯ ಮಡುವಿಗೆ ಅದೇ ಅಕ್ಷರ ಬಂತು. ಜನ ದೂರದಿಂದಲೇ ಓದಿ ದಾರಿ ಕಂಡರು, ಜೀವ ಉಳಿಸಿಕೊಂಡರು, ಸುಖವಾಗಿದ್ದರು.

ಅಂದಹಾಗೆ, ದಡ ಹತ್ತಿದ ಮೌನೇಶ ಮೊದಲು ಆಡಿದ ಮಾತು ಹೇಳಲೇ ಇಲ್ಲ ನೋಡಿ. ಮೈಯಿಂದ ನೀರು ಸುರಿಸುತ್ತಾ ನಿಂತು ಹಲಗೆಯನ್ನು ಮೇಲಿಂದ ಕೆಳಗೆ ನೋಡಿದನಂತೆ.

"ಅಕ್ಕಾ, 'ಶಾ' ಸ್ವಲ್ಪ ಓರೆಯಾಗಿದೆ."

ಕಾಳವ್ವ ಅವನ ಬೆನ್ನಿಗೊಂದು ಗುದ್ದಿ, ಬಿಗಿಯಾಗಿ ತಬ್ಬಿಕೊಂಡಳು. "ಆದರೂ ಬಂದೆಯಲ್ಲೋ!"